ಗುಡಾಣದೊಳಗಿನ ಕರು

"ಗುರುಗಳೇ, ನಾನು ಯಾವಾಗಲೂ ಒಂದೇ ಜಾಗದಲ್ಲಿ ಒಡೆಯುತ್ತೇನೆ. ಇಲ್ಲಿ ಇರಲೋ, ಹೊರಟುಹೋಗಲೋ?"

ಬೆಳಗಿನ ಪಾಠ ಮುಗಿದ ಮೇಲೆ ಶಿಷ್ಯ ಹೀಗೆ ಕೇಳಿದ. ಅವನು ಹಸಿವು ತಡೆದವನು, ಚಳಿ ತಡೆದವನು, ನಿದ್ದೆಯನ್ನೂ ಗೆದ್ದವನು. ಆದರೆ ನಾಲ್ಕು ಜನರ ಎದುರು ಯಾರಾದರೂ ತನ್ನ ತಪ್ಪನ್ನು ಎತ್ತಿ ಹೇಳಿದರೆ ಮಾತ್ರ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು. ಮೂರು ವರ್ಷದಲ್ಲಿ ಹನ್ನೊಂದು ಸಲ ಹಾಗಾಗಿತ್ತು. ಹನ್ನೆರಡನೆಯದು ಹಿಂದಿನ ದಿನವಷ್ಟೇ ನಡೆದಿತ್ತು.

"ಹನ್ನೊಂದು ಸಲವೂ ಏನು ಮಾಡಿದೆ?" ಎಂದರು ಗುರುಗಳು.

"ಉಪವಾಸ ಮಾಡಿದೆ. ಕ್ಷಮೆ ಕೇಳಿದೆ. ಗುರುತೂ ಉಳಿಯದ ಹಾಗೆ ಸರಿಮಾಡಿಕೊಂಡೆ. ಆದರೂ ಮತ್ತೆ ಅಲ್ಲೇ ಒಡೆಯುತ್ತೇನೆ."

"ಹಾಗಿದ್ದರೆ ಕೂತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ತೀರಿಹೋಗಿದ್ದ. ತಿಗರಿ ನಿಂತಿರಲಿಲ್ಲ, ಅದನ್ನು ಅವಳೇ ತಿರುಗಿಸುತ್ತಿದ್ದಳು. ಮನೆಯಲ್ಲಿ ಅತ್ತೆ ಇದ್ದಳು, ಕೊಟ್ಟಿಗೆಯಲ್ಲಿ ಒಂದು ಕಡಸು ಇತ್ತು. ಕಡಸಿನ ಹೆಸರು ಸಂಪಿಗೆ. ಅದಕ್ಕೆ ಅದು ಚೊಚ್ಚಲ ಬಸಿರು.

ಆ ಮನೆಯಲ್ಲಿ ಒಂದು ರೂಢಿ ಇತ್ತು. ಒಣಗಲು ಇಟ್ಟ ಹಸಿ ಮಡಕೆಗಳ ಪಕ್ಕದಲ್ಲಿ ಯಾವಾಗಲೂ ಒಂದು ಬಟ್ಟಲು ನೀರು ಇರುತ್ತಿತ್ತು. ಆ ದಾರಿಯಲ್ಲಿ ಹೋಗುವವರು ಯಾರೇ ಆಗಲಿ, ಮಡಕೆಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಹೆಬ್ಬೆರಳು ಅದ್ದಿ ಒರೆಸಿಯೇ ಮುಂದೆ ಹೋಗಬೇಕು. ಸೊಸೆ ಮನೆ ತುಂಬಿದ ದಿನ ಅತ್ತೆ ಮೊದಲು ಕಲಿಸಿದ್ದು ಇದನ್ನೇ. ಹದಿನೆಂಟು ವರ್ಷದಲ್ಲಿ ಸೊಸೆಯ ಹೆಬ್ಬೆರಳು ಎಷ್ಟು ಪಳಗಿತೆಂದರೆ, ಕಣ್ಣು ಬಿರುಕನ್ನು ಕಾಣುವ ಮೊದಲೇ ಬೆರಳು ಅದನ್ನು ಒರೆಸಿ ಮುಗಿಸಿರುತ್ತಿತ್ತು. ಅವಳ ಮನೆಯ ಮಡಕೆ ಸೋರಿತೆಂದು ಯಾರೂ ವಾಪಸು ತಂದದ್ದಿಲ್ಲ.

ಅದೇ ಊರಿನಲ್ಲಿ ದನದ ವೈದ್ಯನೊಬ್ಬನಿದ್ದ. ಸುತ್ತಿನ ಏಳು ಹಳ್ಳಿಗೆ ಅವನೊಬ್ಬನೇ. ಹಸುವಿನ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿಕೊಂಡರೆ, ಕೈಗೆ ಎಣ್ಣೆ ಸವರಿ ಒಳಗೆ ಹಾಕಿ, ಮಡಿಸಿಕೊಂಡ ಕಾಲನ್ನು ಬಿಡಿಸಿ, ಕರುವನ್ನು ದಾರಿಗೆ ತರುತ್ತಿದ್ದ. ಆ ವರ್ಷ ಅವನ ಬಲಗೈಗೆ ಪಾರ್ಶ್ವವಾಯು ಬಡಿಯಿತು. ಎಡಗೈ ಎಂದೋ ಒಮ್ಮೆ ಮುರಿದು, ಮೊಣಕೈ ನೆಟ್ಟಗಾಗುತ್ತಿರಲಿಲ್ಲ. ಬೆರಳು ಆಡುತ್ತಿದ್ದವು, ತೋಳು ಚಾಚುತ್ತಿರಲಿಲ್ಲ. ಅವನು ಜಗಲಿ ಹಿಡಿದ ಮೇಲೆ ಊರಿನಲ್ಲಿ ಮೂರು ಹಸು ಕರು ಹಾಕಲಾರದೆ ಸತ್ತವು.

ಸಂಪಿಗೆಗೆ ದಿನ ತುಂಬಲು ಎರಡು ತಿಂಗಳಿತ್ತು. ಕುಂಬಾರಗಿತ್ತಿ ವೈದ್ಯನ ಜಗಲಿಗೆ ಹೋದಳು.

"ಅಜ್ಜ, ನಿಮ್ಮ ಕೈ ಹೋದರೆ ಹೋಯಿತು. ಕೈಯಲ್ಲಿದ್ದ ವಿದ್ಯೆಯೂ ಹೋಯಿತೇ? ಯಾರಿಗಾದರೂ ಹೇಳಿಕೊಡಬಾರದೇ?"

"ಹೇಳಿಕೊಡಲಿಲ್ಲ ಅಂದುಕೊಂಡೆಯಾ? ದನ ಕಾಯುವ ಮೂವರಿಗೆ ಐದು ವರ್ಷ ಬಾಯಿ ನೋಯುವ ತನಕ ಹೇಳಿದೆ. ಹೊಟ್ಟೆಯೊಳಗೆ ಕಣ್ಣಿನ ಆಟ ನಡೆಯುವುದಿಲ್ಲ ಮಗಳೇ. ಕೈಗೆ ಸಿಕ್ಕಿದ್ದು ಮುಂಗಾಲೋ ಹಿಂಗಾಲೋ ಅಂತ ಕೈಯೇ ಹೇಳಬೇಕು. ತಪ್ಪು ಕಾಲನ್ನು ಎಳೆದರೆ ತಾಯಿಯೂ ಇಲ್ಲ, ಕರುವೂ ಇಲ್ಲ."

"ನಿಮ್ಮ ಕೈ ಹೇಗೆ ಹೇಳುತ್ತಿತ್ತು?"

"ಹೇಳುತ್ತಿತ್ತು. ಹೇಗೆ ಅಂತ ಕೇಳಬೇಡ. ಅದು ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ." ವೈದ್ಯ ಬಿದ್ದುಹೋದ ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಒಂದು ಕರು ಇದ್ದಿದ್ದರೆ ತೋರಿಸಬಹುದಿತ್ತು. ಸತ್ತ ಕರು ಸೆಟೆದುಕೊಳ್ಳುತ್ತದೆ, ಬದುಕಿದ್ದು ಒದೆಯುತ್ತದೆ. ಮಡಿಸಿದ ಹಾಗೆ ಮಡಿಸಿಕೊಂಡು, ಇಟ್ಟ ಹಾಗೆ ಇರುವ ಕರು ಬೇಕು. ಅಂಥದ್ದು ಬ್ರಹ್ಮನ ಹತ್ತಿರ ಇದ್ದರೆ ಇದ್ದೀತು" ಎಂದ.

"ಬ್ರಹ್ಮನನ್ನು ಯಾಕೆ ಎಬ್ಬಿಸುತ್ತೀರಿ? ನಾನೇ ಮಾಡಿಕೊಡುತ್ತೇನೆ."

ವೈದ್ಯ ನಕ್ಕುಬಿಟ್ಟ. "ಮಡಕೆ ಅಂದುಕೊಂಡೆಯಾ? ಕರುವಿಗೆ ನಾಲ್ಕು ಕಾಲಿರುತ್ತದೆ, ತಾಯಿ."

"ಎಣಿಸಿದ್ದೇನೆ" ಎಂದು ಅವಳು ಎದ್ದು ಬಂದಳು.

ದಾರಿಯಲ್ಲಿ ಯೋಚನೆ ಮಾಡಿದಳು. ಮಣ್ಣಿಗೆ ಮೈ ಕೊಡುವುದು ಗೊತ್ತು, ಮಡಿಸಿಕೊಳ್ಳುವುದು ಗೊತ್ತಿಲ್ಲ. ತಂತಿಗೆ ಮಡಿಸಿಕೊಳ್ಳುವುದು ಗೊತ್ತು, ಅದಕ್ಕೆ ಮೈಯಿಲ್ಲ. ಎರಡನ್ನೂ ಕೂಡಿಸಬೇಕು. ಕಂಚುಗಾರನಿಗೆ ಎರಡು ಕೊಡ ಕೊಟ್ಟು ತಾಮ್ರದ ತಂತಿ ತಂದಳು. ಮೂಗಿನಿಂದ ಬಾಲದವರೆಗೆ ಬೆನ್ನಿಗೆ ಒಂದು ತಂತಿ, ಮುಂಗಾಲಿಗೆ ಒಂದು, ಹಿಂಗಾಲಿಗೆ ಒಂದು. ಹೆಗಲಿನಲ್ಲಿ, ಸೊಂಟದಲ್ಲಿ ಬಿಗಿಯಾಗಿ ಹೊಸೆದಳು. ಒಂದು ಮೊಳ ಉದ್ದದ ಕರುವಿನ ಎಲುಬು ಸಿದ್ಧವಾಯಿತು. ಅದಕ್ಕೆ ಮಣ್ಣು ಮೆತ್ತಿದಳು.

ಮೊದಲನೆಯ ಕರುವನ್ನು ಮಡಕೆಗಳ ಜೊತೆ ಆವಿಗೆಯಲ್ಲಿ ಸುಟ್ಟಳು. ಸುಡುವಾಗ ಮಣ್ಣು ಕುಗ್ಗಿತು, ತಂತಿ ಕುಗ್ಗಲಿಲ್ಲ. ಕರು ಪಕ್ಕೆಯುದ್ದಕ್ಕೂ ಸೀಳಿಹೋಗಿತ್ತು.

ಎರಡನೆಯದನ್ನು ಸುಡಲಿಲ್ಲ. ಮಣ್ಣಿಗೆ ಹತ್ತಿ ಸೇರಿಸಿ ಕುಟ್ಟಿ, ಹುಣಸೆಬೀಜದ ಅಂಟು ಹಾಕಿ ನಾದಿ, ನೆರಳಿನಲ್ಲಿ ಒಣಗಿಸಿದಳು. ಅದು ಸೀಳಲಿಲ್ಲ. ವೈದ್ಯ ಬಂದು ಎಡಗೈಯಲ್ಲಿ ಕಾಲು ಮಡಿಸಿದ. ಮೂರನೆಯ ಸಲಕ್ಕೆ ಒಳಗೆ ಟಕ್ಕೆಂದು ತಂತಿ ಮುರಿಯಿತು. ಕಂಚುಗಾರನನ್ನು ಕೇಳಿದಾಗ ಅವನು, "ಬಗ್ಗಿಸಿದಷ್ಟೂ ತಂತಿ ಬಿರುಸಾಗುತ್ತದೆ ಅಕ್ಕ. ಕೆಂಡದಲ್ಲಿ ಕೆಂಪಗೆ ಕಾಸಿ ಬಿಡು, ಮತ್ತೆ ಮೆತ್ತಗಾಗುತ್ತದೆ" ಎಂದ.

ಮೂರನೆಯದಕ್ಕೆ ಕಾಸಿದ ತಂತಿ ಹಾಕಿದಳು. ಹೇಳಿದ ಮಾತನ್ನು ತಂತಿ ಕೇಳಿತು, ಮಣ್ಣು ಕೇಳಲಿಲ್ಲ. ಕಾಲು ಮಡಿಸಿದ ಕಡೆಯಲ್ಲೆಲ್ಲ ಬಿರುಕು ಬಿಟ್ಟಿತು. ಅವಳು ಹೆಬ್ಬೆರಳು ಅದ್ದಿ ಒರೆಸಿದಳು. ಒಣಗಿದ ಮೇಲೆ ವೈದ್ಯ ಮಡಿಸಿದ, ಬಿರುಕು ಬಿಟ್ಟಿತು. ಮತ್ತೆ ಒರೆಸಿದಳು. ಹೀಗೆ ಆರು ಸಲ ಒರೆಸಿದಳು, ಏಳನೆಯ ಸಲವೂ ಬಿರುಕು ಬಿಟ್ಟಿತು. ಕುಂಬಾರಗಿತ್ತಿ ಮಣ್ಣಿನ ಕರುವಿಗೆ ಮುಲಾಮು ಹಚ್ಚುತ್ತಿದ್ದಾಳೆ ಎಂದು ನೀರಿಗೆ ಹೋಗುವ ಹೆಂಗಸರು ನಕ್ಕರು.

ನಾಲ್ಕನೆಯದಕ್ಕೆ, ಬಿರುಕು ಬಿಟ್ಟ ಕಡೆಯೆಲ್ಲ ಒಂದು ಬೆರಳು ದಪ್ಪ ಹೆಚ್ಚು ಮಣ್ಣು ಮೆತ್ತಿದಳು. ಅದು ನೋಡಲು ಚೆಂದವಾಗಿತ್ತು, ನಯವಾಗಿತ್ತು. ತಲೆಯಿಂದ ಗೊರಸಿನವರೆಗೆ ಒಂದು ಗೆರೆಯೂ ಕಾಣುತ್ತಿರಲಿಲ್ಲ. ವೈದ್ಯ ಬಂದು, ಕರು ತಾಯಿಯ ಹೊಟ್ಟೆಯಲ್ಲಿ ಹೇಗೆ ಮುದುಡಿರುತ್ತದೆಯೋ ಹಾಗೆ ಮಡಿಸಿದ. ಕರು ಮೊದಲಿಗಿಂತ ದೊಡ್ಡದಾಗಿ ಬಾಯಿ ಬಿಟ್ಟಿತು.

"ಇಷ್ಟು ಮಾಡಿದ್ದೇ ಹೆಚ್ಚು. ಬಿಡು ಮಗಳೇ" ಎಂದು ವೈದ್ಯ ಕೋಲೂರಿಕೊಂಡು ಹೊರಟ.

ಅಂದಿಗೆ ಮೂವತ್ತನಾಲ್ಕು ದಿನ ಕಳೆದಿದ್ದವು. ಕೊಟ್ಟಿಗೆಯಲ್ಲಿ ಸಂಪಿಗೆಯ ಹೊಟ್ಟೆ ಇಳಿಯತೊಡಗಿತ್ತು. ಕುಂಬಾರಗಿತ್ತಿ ಬಿಡಲಿಲ್ಲ. ಅಂದೇ ಐದನೆಯ ಕರುವಿಗೆ ತಂತಿ ಕಾಸಲು ಕೂತಳು. ಕೆಂಡದಿಂದ ತೆಗೆದ ತಂತಿ ಕೆಂಪು ಬಿಟ್ಟು ಕಪ್ಪಾಗಿತ್ತು. ಆರಿದೆ ಎಂದುಕೊಂಡು ಹಿಡಿದಳು. ಹೆಬ್ಬೆರಳಿನಿಂದ ಅಂಗೈವರೆಗೆ ಸುಟ್ಟುಹೋಯಿತು.

ಅತ್ತೆ ಲೋಳೆಸರದ ತಿರುಳು ಹಚ್ಚಿ ಬಟ್ಟೆ ಕಟ್ಟಿದಳು. "ನಾಲ್ಕು ದಿನ ನೀರು ಮುಟ್ಟಕೂಡದು, ಮಣ್ಣು ಮುಟ್ಟಕೂಡದು" ಎಂದಳು.

ಕುಂಬಾರಗಿತ್ತಿಗೆ ಮದುವೆಯಾದ ಮೇಲೆ ಕೈಕಟ್ಟಿ ಕೂತದ್ದು ಅದೇ ಮೊದಲು. ನಾಲ್ಕನೆಯ ಕರು ವೈದ್ಯ ಮಡಿಸಿಟ್ಟ ಹಾಗೆಯೇ ಮೂಲೆಯಲ್ಲಿ ಬಿದ್ದಿತ್ತು. ಒಂದು ದಿನ ಅದನ್ನು ನೋಡಲೂ ಮನಸ್ಸಾಗಲಿಲ್ಲ. ಎರಡನೆಯ ದಿನ ಬೇರೆ ಕೆಲಸವಿಲ್ಲದೆ ನೋಡಿದಳು. ಬಿರುಕು ಕಂಡಾಗಲೆಲ್ಲ ಬಟ್ಟೆ ಸುತ್ತಿದ ಹೆಬ್ಬೆರಳು ತನ್ನಷ್ಟಕ್ಕೆ ಮಿಡುಕಿತು. ನೀರಿನ ಬಟ್ಟಲು ಪಕ್ಕದಲ್ಲೇ ಇತ್ತು. ಅದ್ದುವ ಹಾಗಿರಲಿಲ್ಲ. ಆದ್ದರಿಂದ ನೋಡುತ್ತಲೇ ಇದ್ದಳು.

ಮೂರನೆಯ ದಿನ ಅತ್ತೆ ಆ ದಾರಿಯಲ್ಲಿ ಬಂದಳು. ಮುದುಕಿಯ ಹೆಬ್ಬೆರಳು ಆಗಲೇ ನೀರಿನಲ್ಲಿ ಅದ್ದಿತ್ತು. "ಏನೇ ಇದು, ಕರು ಹೀಗೆ ಬಾಯಿಬಿಟ್ಟುಕೊಂಡು ಬಿದ್ದಿದೆ. ನಿನ್ನ ಕೈಲಾಗದಿದ್ದರೆ ನಾನು ಒರೆಸುತ್ತೇನೆ, ಸರಿ ಅತ್ತ" ಎಂದು ಬಗ್ಗಿದಳು.

"ಮುಟ್ಟಬೇಡಿ ಅತ್ತೆ!"

ಸೊಸೆ ಅಷ್ಟು ಜೋರಾಗಿ ಕೂಗಿದ್ದನ್ನು ಅತ್ತೆ ಹದಿನೆಂಟು ವರ್ಷದಲ್ಲಿ ಕೇಳಿರಲಿಲ್ಲ. ಅವಳ ಬೆರಳಿನಿಂದ ನೀರು ತೊಟ್ಟಿಕ್ಕಿತು. "ಸುಟ್ಟದ್ದು ಕೈಯೋ ತಲೆಯೋ?" ಎಂದು ಗೊಣಗಿದಳು. ಆದರೆ ಕರುವನ್ನು ಮುಟ್ಟಲಿಲ್ಲ.

ಸೊಸೆ ಕರುವಿನ ಹತ್ತಿರ ಮಂಡಿಯೂರಿ ಕೂತಳು. ಮುಂಗಾಲಿನಲ್ಲಿ ಎರಡು ಬಿರುಕಿದ್ದವು. ಒಂದು ಗೊರಸಿನ ಮೇಲಿನ ಕೀಲಿನಲ್ಲಿ, ಇನ್ನೊಂದು ಅದರ ಮೇಲಿನ ಕೀಲಿನಲ್ಲಿ. ಎರಡೂ ಮುಂದಕ್ಕೆ ಬಾಯಿ ಬಿಟ್ಟಿದ್ದವು. ಇನ್ನೊಂದು ಮುಂಗಾಲನ್ನು ನೋಡಿದಳು; ಅದರಲ್ಲೂ ಹಾಗೇ. ಹಿಂಗಾಲು ನೋಡಿದಳು. ಅಲ್ಲೂ ಎರಡು ಬಿರುಕು. ಕೆಳಗಿನದು ಮುಂದಕ್ಕೆ ಬಾಯಿ ಬಿಟ್ಟಿತ್ತು, ಮೇಲಿನದು ಹಿಂದಕ್ಕೆ. ಇನ್ನೊಂದು ಹಿಂಗಾಲಿನಲ್ಲೂ ಕೆಳಗಿನದು ಮುಂದಕ್ಕೆ, ಮೇಲಿನದು ಹಿಂದಕ್ಕೆ.

ಅಂದರೆ ಮುಂಗಾಲಿನ ಕೀಲು ಎರಡೂ ಒಂದೇ ಕಡೆಗೆ ಮಡಿಯುತ್ತವೆ. ಹಿಂಗಾಲಿನವು ಒಂದು ಅತ್ತ, ಒಂದು ಇತ್ತ.

ವೈದ್ಯನ ಬಾಯಿಗೆ ಗೊತ್ತಿಲ್ಲದ್ದನ್ನು ವೈದ್ಯನ ಕೈ ಮಣ್ಣಿನ ಮೇಲೆ ಬರೆದಿಟ್ಟು ಹೋಗಿತ್ತು. ಒಂದು ಸಲವಲ್ಲ, ಎಂಟು ಸಲ ಬರೆದಿತ್ತು. ಏಳು ಸಲ ಅವಳೇ ಒರೆಸಿಹಾಕಿದ್ದಳು. ಮೂರನೆಯ ಕರುವಿನಲ್ಲಿ ಆರು ಸಲ ನೀರಿನಿಂದ. ನಾಲ್ಕನೆಯದನ್ನು ಮಾಡುವಾಗ ಒಂದು ಬೆರಳು ಮಣ್ಣಿನಿಂದ.

ಐದನೆಯ ಕರುವನ್ನು ಅವಳು ಬೇರೆ ರೀತಿ ಮಾಡಿದಳು. ಬಿರುಕು ಬಿಟ್ಟ ಕಡೆಯಲ್ಲಿ ಮಣ್ಣನ್ನೇ ಹಚ್ಚಲಿಲ್ಲ. ಕೀಲಿನಿಂದ ಕೀಲಿಗೆ ಒಂದೊಂದು ತುಂಡಾಗಿ ಮಣ್ಣು ಮೆತ್ತಿ, ನಡುವೆ ತಂತಿಯನ್ನು ಬೆತ್ತಲೆ ಬಿಟ್ಟಳು. ಬೆತ್ತಲೆ ತಂತಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿದಳು. ಕತ್ತಿಗೂ ಹಾಗೆಯೇ, ಸೊಂಟಕ್ಕೂ ಹಾಗೆಯೇ. ಕರು ಚೆಂದವಾಗಿರಲಿಲ್ಲ. ಮುರಿದು ಕಟ್ಟಿದ ಹಾಗೆ ಕಾಣುತ್ತಿತ್ತು.

"ಥೂ, ಇದನ್ನು ಹೊರಗೆ ತೋರಿಸಬೇಡ. ಮನೆತನದ ಮಾನ ಹೋಗುತ್ತದೆ" ಎಂದಳು ಅತ್ತೆ.

ಸೊಸೆ ಕರುವಿನ ಮುಂಗಾಲು ಹಿಡಿದು ಮೆಲ್ಲಗೆ ಒತ್ತಿದಳು. ಕರು ಮಂಡಿಯೂರಿತು. ಕತ್ತು ತಿರುಗಿಸಿದಳು, ಕರು ತನ್ನ ಪಕ್ಕೆಯನ್ನು ನೆಕ್ಕುವ ಹಾಗೆ ಹಿಂದಕ್ಕೆ ನೋಡಿತು. ಎಬ್ಬಿಸಿದಳು; ನಿಂತಿತು. ಕೈ ಬಿಟ್ಟಳು, ಬಿಟ್ಟ ಹಾಗೆಯೇ ಇತ್ತು. ಒಂದು ಚೂರು ಮಣ್ಣೂ ಉದುರಲಿಲ್ಲ.

ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಮಾನದ ಮಾತು ಎತ್ತಲಿಲ್ಲ. ತಾನೇ ಹೋಗಿ ವೈದ್ಯನನ್ನು ಕರೆತಂದಳು.

ಕುಂಬಾರಗಿತ್ತಿ ಕಾಳು ತುಂಬುವ ಒಂದು ದೊಡ್ಡ ಗುಡಾಣ ತಂದು ಮಲಗಿಸಿದಳು. ಕರುವನ್ನು ಒಳಗಿಟ್ಟು, ಗುಡಾಣದ ಬಾಯಿಗೆ ಸೀಳಿದ ಬಟ್ಟೆ ಕಟ್ಟಿದಳು. ಈಗ ಕಣ್ಣಿಗೆ ಏನೂ ಕಾಣುವ ಹಾಗಿಲ್ಲ, ಕೈಗೆ ಮಾತ್ರ ದಾರಿ. ವೈದ್ಯ ಗುಡಾಣಕ್ಕೆ ಒತ್ತಿಕೊಂಡು ಕೂತು ಎಡಗೈಯನ್ನು ಎಟುಕಿದಷ್ಟು ಒಳಗೆ ಹಾಕಿದ. ಕಣ್ಣು ಮುಚ್ಚಿದ. ಬೆರಳು ಒಂದು ಕೀಲನ್ನು ಮುಟ್ಟಿತು, ಇನ್ನೊಂದನ್ನು ಮುಟ್ಟಿತು. ಬಹಳ ಹೊತ್ತು ಅವನು ಕೈ ತೆಗೆಯಲಿಲ್ಲ.

"ಎರಡೂ ಒಂದೇ ಕಡೆ ಮಡಿದರೆ ಮುಂಗಾಲು, ಒಂದೊಂದು ಒಂದೊಂದು ಕಡೆ ಮಡಿದರೆ ಹಿಂಗಾಲು. ಹೌದೇ ಅಜ್ಜ?" ಎಂದಳು ಅವಳು.

"ಹೌದಲ್ಲ!" ಎಂದ ವೈದ್ಯ. "ನಲವತ್ತು ವರ್ಷ ನನ್ನ ಕೈ ಇದನ್ನೇ ಹೇಳುತ್ತಿತ್ತು. ನಾನೇ ಕೇಳಿಸಿಕೊಂಡಿರಲಿಲ್ಲ."

ಮರುದಿನದಿಂದ ದನ ಕಾಯುವ ಮೂವರೂ ಬಂದು ಗುಡಾಣಕ್ಕೆ ಕೈ ಹಾಕಿ ಕಲಿಯತೊಡಗಿದರು. ಪ್ರತಿ ಸಲವೂ ಕರುವನ್ನು ಬೇರೆ ಬೇರೆ ತೊಂದರೆಯಲ್ಲಿ ಮಡಿಸಿ ಒಳಗಿಡುವುದು ಕುಂಬಾರಗಿತ್ತಿಯ ಕೆಲಸ. ಒಮ್ಮೆ ಕತ್ತು ಹಿಂದಕ್ಕೆ, ಒಮ್ಮೆ ಒಂದು ಕಾಲು ಮಡಿಚಿ, ಒಮ್ಮೆ ಬಾಲ ಮುಂದಾಗಿ.

ಐವತ್ತೆರಡನೆಯ ದಿನ, ಹೊತ್ತಿಗೆ ಮುಂಚೆಯೇ, ಸಂಪಿಗೆಗೆ ನೋವು ಬಂತು. ಬೆಳಿಗ್ಗೆ ನೀರು ಒಡೆಯಿತು. ಒಂದು ಗೊರಸು ಕಂಡಿತು. ಆಮೇಲೆ ಏನೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಡಸು ಮಲಗಿಬಿಟ್ಟಿತು; ಕಣ್ಣು ಮೇಲಾಗುತ್ತಿತ್ತು. ದನ ಕಾಯುವ ಮೂವರೂ ದೂರದ ಹುಲ್ಲುಗಾವಲಿಗೆ ಹೋಗಿದ್ದರು. ವೈದ್ಯ ಬಂದು ಕಡಸಿನ ತಲೆಯ ಹತ್ತಿರ ಕೂತ.

"ಯಾರು ಕೈ ಹಾಕುವುದು ಅಜ್ಜ?" ಎಂದಳು ಕುಂಬಾರಗಿತ್ತಿ.

"ಇಲ್ಲಿ ಒಳ್ಳೆಯ ತೋಳಿರುವುದು ಒಬ್ಬಳಿಗೆ ಮಾತ್ರ. ಗುಡಾಣದ ತಳವನ್ನು ಕಣ್ಣಿಲ್ಲದೆ ತಟ್ಟಿ ನಯ ಮಾಡುವ ತೋಳು. ಎಣ್ಣೆ ಹಚ್ಚಿಕೋ."

"ಜೀವ ಇರುವ ಹಸುವಿಗೆ ನಾನು ಎಂದೂ ಕೈ ಹಾಕಿದವಳಲ್ಲ."

"ಇವತ್ತು ಹಾಕು. ನೋವು ಬಂದಾಗ ಸುಮ್ಮನಿರು, ನೋವು ನಿಂತಾಗ ಕೆಲಸ ಮಾಡು. ಅಷ್ಟೆ."

ಅವಳು ಮೊಣಕೈ ದಾಟಿ ಎಣ್ಣೆ ಸವರಿ ಕೈ ಹಾಕಿದಳು. ಒಳಗೆ ಬಿಸಿ, ಬಿಗಿ. ಮೂಗು ಸಿಕ್ಕಿತು. ನಾಲಿಗೆ ಸಿಕ್ಕಿತು, ಅದು ಮೆಲ್ಲಗೆ ಅಲುಗಿತು. ಕರು ಬದುಕಿತ್ತು. ಇನ್ನೂ ಒಳಗೆ ಹೋದಾಗ ಒಂದು ಗಂಟು ಅಡ್ಡ ಸಿಕ್ಕಿತು.

"ಮುಂಗಾಲೋ ಹಿಂಗಾಲೋ?" ಎಂದ ವೈದ್ಯ.

ಅವಳು ಗಂಟಿನಿಂದ ಕೆಳಗೆ ಬೆರಳು ಜಾರಿಸಿದಳು. ಗೊರಸು ಸಿಕ್ಕಿತು. ಅದರ ಮೇಲಿನ ಕೀಲನ್ನು ಮಡಿಸಿ ನೋಡಿದಳು. ಅದರ ಮೇಲಿನದನ್ನು ನೋಡಿದಳು. ಕಣ್ಣು ಮುಚ್ಚಿದ್ದಳು, ಆದರೂ ಎರಡು ಬಿರುಕು ಒಂದೇ ಕಡೆಗೆ ಬಾಯಿ ಬಿಟ್ಟದ್ದು ಅವಳಿಗೆ ಕಂಡಿತು.

"ಎರಡೂ ಒಂದೇ ಕಡೆ, ಅಜ್ಜ. ಮುಂಗಾಲು. ಮಂಡಿಯಲ್ಲಿ ಮಡಿಸಿಕೊಂಡು ಕೂತಿದೆ."

"ಹಾಗಾದರೆ ಮಂಡಿಯನ್ನು ಹಿಂದಕ್ಕೆ ತಳ್ಳು. ಗೊರಸನ್ನು ಅಂಗೈಯಲ್ಲಿ ಮುಚ್ಚಿಕೋ, ತಾಯಿಯ ಒಡಲು ಗೀರಬಾರದು. ಈಗ ತಾ."

ನೋವು ನಿಂತಿತು. ಅವಳು ತಳ್ಳಿದಳು. ಗೊರಸನ್ನು ಅಂಗೈಯಲ್ಲಿ ಮುಚ್ಚಿಕೊಂಡು ತಿರುಗಿಸಿದಳು. ಹೊಸ ಚರ್ಮ ಬಂದಿದ್ದ ಅಂಗೈ ಉರಿಯಿತು, ಬಿಡಲಿಲ್ಲ. ಮಡಿಸಿದ ಕಾಲು ಬಿಡಿಸಿಕೊಂಡು ಅವಳ ಕೈಯ ಜೊತೆಗೇ ಹೊರಗೆ ಬಂತು. ಈಗ ಎರಡು ಗೊರಸು, ಅವುಗಳ ಮೇಲೆ ಮೂಗು. ಮುಂದಿನ ನೋವಿಗೆ ಅತ್ತೆಯೂ ಸೊಸೆಯೂ ಸೇರಿ ಎಳೆದರು. ಕರು ಹುಲ್ಲಿನ ಮೇಲೆ ಜಾರಿ ಬಿತ್ತು. ಅತ್ತೆ ಒಂದು ಹುಲ್ಲುಕಡ್ಡಿ ತೆಗೆದು ಮೂಗಿಗೆ ಹಾಕಿದಳು. ಕರು ಸೀನಿತು.

"ಹೆಣ್ಣುಗರು!" ಎಂದು ಮುದುಕಿ ಬೀದಿಗೆ ಕೇಳುವ ಹಾಗೆ ಕೂಗಿದಳು. "ನನ್ನ ಸೊಸೆ ತೆಗೆದ ಕರು! ಬನ್ನಿ, ಮುಲಾಮು ಅಂದವರೆಲ್ಲ ಬಂದು ನೋಡಿ!"

ಬಂದರು. ಕರು ಅಷ್ಟು ಹೊತ್ತಿಗೆ ಎದ್ದು ನಿಂತು ಮೊಲೆ ಹುಡುಕುತ್ತಿತ್ತು.

ಆ ವರ್ಷ ಆ ಊರಿನಲ್ಲಿ ಮೂವತ್ತೊಂದು ಹಸು ಕರು ಹಾಕಿದವು. ಅಡ್ಡ ಸಿಕ್ಕಿದ್ದು ಐದು. ಐದರಲ್ಲಿ ಎರಡನ್ನು ಕುಂಬಾರಗಿತ್ತಿ ತೆಗೆದಳು, ಮೂರನ್ನು ದನ ಕಾಯುವವರು. ಒಂದೂ ಸಾಯಲಿಲ್ಲ. ಮುಂದಿನ ವರ್ಷ ಏಳು ಹಳ್ಳಿಗೂ ಒಂದೊಂದು ಗುಡಾಣ ಹೋಯಿತು. ಒಂದೊಂದರೊಳಗೂ ಒಂದು ತಂತಿಯ ಕರು, ಕೀಲು ಕೀಲಿಗೂ ಬಟ್ಟೆ ಸುತ್ತಿದ್ದು. ಮೊದಲನೆಯದನ್ನು ಮೆರವಣಿಗೆಯಲ್ಲಿ ಗಾಡಿಗೆ ಏರಿಸಿದರು. ವೈದ್ಯ ಗಾಡಿಯ ಮುಂದೆ ಕೂತಿದ್ದ. ಯಾರು ಕೇಳಿದರೂ, "ನನ್ನ ಬಲಗೈ ಹಿಂದೆ ಬರುತ್ತಿದೆ ನೋಡಿ" ಎಂದು ಕುಂಬಾರಗಿತ್ತಿಯನ್ನು ತೋರಿಸುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಶಿಷ್ಯ ಕೇಳಿದ: "ಗುರುಗಳೇ, ಅಂದಿನಿಂದ ಅವಳು ಬಿರುಕು ಒರೆಸುವುದನ್ನೇ ಬಿಟ್ಟಳೇ?"

"ಮಡಕೆಯ ಬಿರುಕನ್ನು ಸಾಯುವ ತನಕ ಒರೆಸಿದಳು" ಎಂದರು ಗುರುಗಳು. "ಮಡಕೆ ಎದ್ದು ನಡೆಯಬೇಕಾಗಿಲ್ಲವಲ್ಲ, ಮಗು."

ಶಿಷ್ಯ ಎದ್ದು, ಹಿಂದಿನ ದಿನ ತನ್ನ ತಪ್ಪನ್ನು ಎತ್ತಿ ಹೇಳಿದವನ ಬಳಿಗೆ ಹೋದ; ಈ ಸಲ ಕ್ಷಮೆ ಕೇಳಲಿಲ್ಲ, ನಿನ್ನೆ ಹೇಳಿದ್ದನ್ನು ಇನ್ನೊಮ್ಮೆ ಹೇಳು ಎಂದು ಕೇಳಿದ.